ಹುಬ್ಬಿನ ಮೇಲಿನ ಗೆರೆ

ಮಾರ್ಚ್ 3, ಸಂಜೆ ಆರು

ನಲ್ಲಿಯಲ್ಲಿ ನೀರಿಲ್ಲ. ಕುಡಿಯುವ ನೀರಲ್ಲೇ ಬ್ರಷ್ ತೊಳೆದೆ. ಚಿತ್ರದಲ್ಲಿ ಅಕ್ಕನ ಮೂಗು ಮೂರನೇ ಸಲ ಕೆಟ್ಟಿತು. ಮೂವತ್ತೊಂದು ವರ್ಷ ಸ್ಟುಡಿಯೋದಲ್ಲಿ ಕೂತು ಫೋಟೋಗಳ ಮೊಡವೆ, ಕಲೆ, ಸುಕ್ಕು ತೆಗೆದ ಕೈ. ಚಿತ್ರದ ಹುಚ್ಚಿಗೆ ಅಲ್ಲಿ ಸೇರಿದ್ದು, ಕಲಿತಿದ್ದು ಅಳಿಸುವುದನ್ನ. ರಿಟೈರ್ ಆದಮೇಲೆ ಬಣ್ಣ ಕೊಂಡೆ. ಮೊದಲ ಹೂಜಿ ಬಿಡಿಸಿದ ದಿನ ಊಟವೇ ಮರೆತಿದ್ದೆ.

ಭಾವ ಬಂದಿದ್ದರು. ಅಕ್ಕ ಹೋಗಿ ಎಂಟು ತಿಂಗಳು. ಅವರು ಹೆಡ್‌ಮಾಸ್ಟರ್ ಆಗಿದ್ದ ಸ್ಕೂಲಿನ ಲೈಬ್ರರಿಗೆ ಅಕ್ಕನ ಹೆಸರಂತೆ. ಗೋಡೆಗೆ ಚಿತ್ರ ಬೇಕಂತೆ.

"ಹೇಗೂ ಖಾಲಿ ಕೂತಿದೀಯ, ಇದನ್ನೇ ಮುಗಿಸಿಕೊಡಮ್ಮ. ಸ್ವಲ್ಪ ನಗ್ತಾ ಇರಲಿ."

"ಆಗಲಿ ಭಾವ" ಅಂದೆ. ಅಷ್ಟು ಬೇಗ ಒಪ್ಪಿದ್ದು ಅವರಿಗೇ ಆಶ್ಚರ್ಯ.

ಮಾರ್ಚ್ 4

ಬರೆದಿಡುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ ಅಕ್ಕ, ಭಾವ, ಮಗಳು ಫ್ಯಾಮಿಲಿ ಫೋಟೋಗೆ ನಮ್ಮ ಸ್ಟುಡಿಯೋಗೆ ಬಂದಿದ್ದರು. ಅಕ್ಕನ ಹುಬ್ಬು ಸೀಳಿತ್ತು. ಹೊಲಿಗೆ ಬಿಚ್ಚಿ ವಾರ ಆಗಿರಲಿಲ್ಲ. ಬಚ್ಚಲಲ್ಲಿ ಜಾರಿದಳು ಅಂದರು ಭಾವ. ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ.

"ಅದೊಂದು ತೆಗೆದುಬಿಡು. ನಿನ್ನ ಪೆನ್ಸಿಲ್‌ಗೆ ಎಷ್ಟರ ಕೆಲಸ!" ಅಂದರು ಭಾವ.

ತೆಗೆದೆ. ಎರಡು ದಿನ ನೆಗೆಟಿವ್ ಮೇಲೆ ಕೂತು, ಗೆರೆ ತುಂಬಿ ತುಂಬಿ. ಪ್ರಿಂಟ್ ನೋಡಿ ಅಕ್ಕ— "ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾಡಿದೀಯ." ಹೊಗಳಿದಳು ಅಂದುಕೊಂಡೆ. ಅಂದುಕೊಂಡ ಹಾಗೆ ನಟಿಸಿದೆ.

ಆ ಗೆರೆಯನ್ನು ಈಗ ವಾಪಸ್ ಹಾಕುತ್ತೇನೆ. ಅವರ ಸ್ಕೂಲಿನ ಗೋಡೆ ಮೇಲೆ. ಪರದೆ ಅವರ ಕೈಯಿಂದಲೇ ಸರಿಯಲಿ. ಉಪ್ಪು ತಿಂದವರು ನೀರು ಕುಡಿಯಲಿ.

ಮಾರ್ಚ್ 19

ಎಡ ಹುಬ್ಬಿನ ಗೆರೆ ಮುಗಿಯಿತು. ಕೆಂಪಿಗೆ ಚೂರು ನೀಲಿ. ಹೊಲಿಗೆಯ ಐದು ಚುಕ್ಕಿಯನ್ನೂ ಬಿಟ್ಟಿಲ್ಲ. ಇಷ್ಟು ಖುಷಿಯಿಂದ ಯಾವ ಕೆಲಸವನ್ನೂ ಮಾಡಿಲ್ಲ. ಕೆಟ್ಟ ಖುಷಿ. ಇರಲಿ.

ಮಾರ್ಚ್ 22, ಮಧ್ಯಾಹ್ನ

ಭಾವ ಮಗಳನ್ನು ಕಳಿಸಿದ್ದರು, ನೋಡಿ ಬಾ ಅಂತ. ಅವಳು ಹೋಗಿ ಹೇಳಿದರೆ ಮುಗಿಯಿತು, ಚಿತ್ರ ಗೋಡೆ ಏರುವುದಿಲ್ಲ. ಗಾಯವಾದಾಗ ಅವಳಿಗೆ ಐದು ವರ್ಷ. ಏನು ಗೊತ್ತಿರುತ್ತೆ...

ಬಟ್ಟೆ ಸರಿಸಿದೆ. ಹತ್ತಿರ ಹೋಗಿ ಹುಬ್ಬಿನ ಗೆರೆ ನೋಡಿದಳು.

"ತಪ್ಪಾಗಿದೆ ಚಿಕ್ಕಮ್ಮ."

"ನಾನು ಅಳಿಸಲ್ಲ ಕಣೇ. ಹೋಗು, ನಿಮ್ಮಪ್ಪನಿಗೆ ಹೇಳ್ಕೋ."

"ಅಳಿಸು ಅಂದೆನಾ ನಾನು? ಬಲಗಡೆ ಇತ್ತು. ಅಪ್ಪ ಎಡಚ ಅಲ್ವಾ? ಎದುರು ನಿಂತು ಹೊಡೆದ್ರೆ ಬಲಗಡೆ ತಾನೇ ಬೀಳೋದು... ನಾನು ಮೇಜಿನ ಕೆಳಗಿದ್ದೆ."

ಹೌದು. ನೆಗೆಟಿವ್ ಮಗುಚಿ ಹಾಕಿಕೊಂಡು ಪೆನ್ಸಿಲ್ ಆಡಿಸುವುದು ನಮ್ಮ ಪದ್ಧತಿ. ಅಲ್ಲಿ ಎಡಬಲ ಅದಲುಬದಲು. ಆಮೇಲೆ ಅಕ್ಕ ಕೂದಲು ಇಳಿಬಿಟ್ಟೇ ಬದುಕಿದಳು. ಆ ಗಾಯವನ್ನು ನಾನು ಕಣ್ಣಿಟ್ಟು ನೋಡಿದ್ದು ಅಳಿಸುವಾಗ ಮಾತ್ರ.

"ಅಪ್ಪನಿಗೆ ಏನಂತೀಯೇ?"

"ಅಮ್ಮನ ಹಾಗೇ ಇದೆ ಅಂತೀನಿ. ಸುಳ್ಳಾ?" ಬ್ರಷ್ ಎತ್ತಿ ಕೈಗೆ ಕೊಟ್ಟಳು. "ಬರಿ. ನಾನು ಕೂತಿರ್ತೀನಿ."

ಮಾರ್ಚ್ 27, ಸಂಜೆ

ಎಡದ್ದು ಮುಚ್ಚಿ ಬರೆದ ಬಲ ಹುಬ್ಬಿನ ಗೆರೆ ಒಣಗಿದೆ. ಭಾವ ಫೋನ್ ಮಾಡಿದ್ದರು. ನಾಳೆಯ ಸಮಾರಂಭಕ್ಕೆ ಇನ್ನೂರು ಕುರ್ಚಿ ಹಾಕಿಸಿದ್ದಾರಂತೆ. "ಇನ್ನೊಂದು ನೂರು ಹಾಕ್ಸಿ ಭಾವ" ಅಂದೆ. ನಕ್ಕರು.

ಯಾರಾದರೂ ಕೇಳೇ ಕೇಳುತ್ತಾರೆ— ಮೇಡಂ ಹುಬ್ಬಿಗೆ ಏನಾಗಿತ್ತು ಸಾರ್? ಬಚ್ಚಲಲ್ಲಿ ಜಾರಿದಳು ಅನ್ನುತ್ತಾರೆ ಭಾವ. ಆಗ ಮಗಳು ಎದ್ದು ಮೈಕ್ ಕೇಳುತ್ತಾಳಂತೆ.

ನಾಳೆ ಹತ್ತಕ್ಕೆ ಕಾರು ತರುತ್ತಾಳೆ.