ಒಂದು ಗೇಣು ಕಡಿಮೆ ಬಂದ ದಾರ

ಮಿಶನ್ ಹೆಣ್ಣುಮಕ್ಕಳ ಶಾಲೆ,
ನ್ಯೇರಿ ಸೀಮೆ, ಕೀನ್ಯಾ
೧೭ ಆಗಸ್ಟ್ ೧೯೭೫, ರವಿವಾರ

ತೀರ್ಥರೂಪ ಅತ್ತೆಯವರ ಪಾದಗಳಿಗೆ, ಸಮುದ್ರದ ಈಚೆ ದಂಡೆಯಿಂದ ಸೊಸೆ ಗುರವ್ವ ಹಣೆ ಹಚ್ಚಿ ಮಾಡುವ ಶರಣು.

ನಿಮ್ಮ ಮೊಣಕಾಲು ಈಗ ಹೇಗಿದೆ? ಶ್ರಾವಣ ಹಿಡಿಯಿತೆಂದರೆ ನೀವು ಒಪ್ಪತ್ತು ಮಾಡುತ್ತೀರಿ, ಅದೂ ತಣ್ಣೀರಿನಲ್ಲಿ ಮಿಂದು. ಬೇಡ ಎಂದರೆ ಕೇಳುವವರಲ್ಲ, ಆದರೂ ಬೇಡ ಎಂದು ಬರೆಯುವುದು ನನ್ನ ಕೆಲಸ. ಇಂಡಿಯಲ್ಲಿ ಮಳೆ ಹೇಗಿದೆ, ತೊಗರಿ ಎದ್ದಿದೆಯೋ ಇಲ್ಲವೋ ಬರೆಸಿರಿ. ಈ ಕಾಗದ ಓದಿ ಹೇಳುವವಳು ರೇವಾ ಎಂದು ನನಗೆ ಗೊತ್ತು. ಮಗಳೇ, ಆಯಿಯ ಮುಂದೆ ಅವಸರ ಮಾಡಬೇಡ. ಆಕೆ ಅಡಕೊತ್ತಿನಲ್ಲಿ ಅಡಿಕೆ ಒಡೆಯುತ್ತ ಕೇಳುತ್ತಾಳೆ, ಒಡೆಯುವ ಸಪ್ಪಳಕ್ಕೆ ಅರ್ಧ ಮಾತು ಕೇಳಿಸುವುದಿಲ್ಲ. ಸಪ್ಪಳ ನಿಂತ ಮೇಲೆ ಮುಂದೆ ಓದು.

ನಾವು ಮೂವರೂ ಕ್ಷೇಮ. ನಿಮ್ಮ ಮಗನಿಗೆ ಒಂದು ವಾರ ನೆಗಡಿ ಇತ್ತು, ಈಗ ಇಲ್ಲ. ಗುರಲಿಂಗನಿಗೆ ಏಳು ತುಂಬಿತು. ಇಲ್ಲಿಯ ಮಕ್ಕಳ ಭಾಷೆ ಮತ್ತು ನಮ್ಮ ಭಾಷೆ ಕಲಸಿ ಮಾತಾಡುತ್ತಾನೆ, ನೀವು ಕೇಳಿದರೆ ನಗುತ್ತಾ ಹಣೆ ಬಡಿದುಕೊಳ್ಳುತ್ತೀರಿ. ಇಲ್ಲಿ ಈಗ ಚಳಿ. ನಮ್ಮ ಕಡೆ ಸಂಕ್ರಾಂತಿಯಲ್ಲೂ ಇಂಥ ಚಳಿ ನಾನು ಕಂಡಿಲ್ಲ. ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸಿದರೆ ಹಾಸ್ಟೆಲಿನ ನಲವತ್ತು ಹುಡುಗಿಯರನ್ನು ಎಬ್ಬಿಸಬೇಕು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಹೊಟ್ಟೆನೋವು, ಒಬ್ಬಳಿಗೆ ಮನೆಯ ನೆನಪು. ತಲೆ ನೋಡಬೇಕು, ಉಗುರು ನೋಡಬೇಕು, ಗಂಜಿ ಬಡಿಸಬೇಕು, ಪ್ರಾರ್ಥನೆಗೆ ಸಾಲಾಗಿ ಕಳಿಸಬೇಕು. ನಿಮ್ಮ ಮಗ ಹಗಲೆಲ್ಲ ಗಣಿತ ಹೇಳಿ ಸಂಜೆ ಕುರ್ಚಿಯಲ್ಲಿ ಕಾಲು ಚಾಚುತ್ತಾರೆ. ಹಾಸ್ಟೆಲು ನೋಡಿಕೊಳ್ಳುವವಳಿಗೆ ಸಂಜೆ ಎಂಬುದಿಲ್ಲ. ದಣಿದಿದ್ದೇನೆ ಅತ್ತೆ. ಬಿದ್ದು ಮಲಗಿದರೂ ಹೋಗದ ದಣಿವು ಇದು.

ಇಲ್ಲಿಯವರು ತಾಯಿಯಾದವಳನ್ನು ಆಕೆಯ ಹೆಸರಿನಿಂದ ಕರೆಯುವುದಿಲ್ಲ, ಹಿರಿಯ ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಹಿಂದೊಮ್ಮೆ ಬರೆದಿದ್ದೆನೋ ಇಲ್ಲವೋ. ನಾನು ಇಲ್ಲಿ ಎಲ್ಲರಿಗೂ ಮಾಮಾ ರೇವಾ, ಎಂದರೆ ರೇವಾಳ ತಾಯಿ. ಕಣ್ಣು ಬಿಟ್ಟಾಗಿನಿಂದ ದೀಪ ಆರಿಸುವವರೆಗೆ ನಲವತ್ತು ಬಾಯಿಗಳು ಹಾಗೇ ಕರೆಯುತ್ತವೆ, ಕರೆದಾಗಲೆಲ್ಲ ಓಗೊಡುತ್ತೇನೆ. ರೇವಾಳನ್ನು ಇವರಲ್ಲಿ ಒಬ್ಬರೂ ಕಂಡಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನೀವು ಯಾರನ್ನೋ ಬೈಯುವುದನ್ನು ಕೇಳಿ ನಗುತ್ತಿದ್ದೆ. ಈಗ ಹುಡುಗಿಯರ ಜಡೆ ಹಾಕುವಾಗ ಅದೇ ಮಾತು ನೆನಪಾಗುತ್ತದೆ.

ನೀವು ವರ್ಷಕ್ಕೆರಡು ಸಲ ಕಾಗದದಲ್ಲಿ ಮಡಿಸಿ ಕಳಿಸುವ ದಾರಗಳನ್ನು ನಾನು ಒಂದೂ ಎಸೆದಿಲ್ಲ. ರೇವಾಳ ಹೆಗಲಿನಿಂದ ಹಿಮ್ಮಡಿಯವರೆಗಿನ ದಾರ, ತುದಿಗೊಂದು ಗಂಟು. ಬಿಸ್ಕೀಟಿನ ಡಬ್ಬಿಯಲ್ಲಿ ಒಂದೊಂದಕ್ಕೂ ಇಸವಿ ಬರೆದ ಚೀಟಿ ಕಟ್ಟಿ ಇಟ್ಟಿದ್ದೇನೆ. ಹೊಸ ದಾರ ಬಂದ ದಿನ ಅದನ್ನು ಹಿಡಿದುಕೊಂಡು ಹುಡುಗಿಯರ ಸಾಲಿನಲ್ಲಿ ಅಡ್ಡಾಡುತ್ತೇನೆ, ಯಾರ ಮೈಗೆ ಸರಿಹೊಂದುತ್ತದೆಯೋ ಆಕೆಯನ್ನು ನಿಲ್ಲಿಸಿ ರೇವಾಳ ಲಂಗ, ಪರಕಾರ ಹೊಲಿಯುತ್ತೇನೆ. ಎರಡು ವರ್ಷದಿಂದ ವಾಂಬುಯಿ ಎಂಬ ಹುಡುಗಿ ನಿಲ್ಲುತ್ತಾಳೆ, ಗುಂಡು ಮುಖ, ನಗುಮಾರಿ. ಆಕೆಯ ನಡುವಿಗೆ ಪರಕಾರ ಕಟ್ಟಿ ದೂರ ನಿಂತು ನೋಡುತ್ತೇನೆ. ನನ್ನ ಮಗಳು ಇಷ್ಟಾಗಿದ್ದಾಳೆ ಎಂದು ತಿಳಿಯುವುದು ಹಾಗೆ. ಆದರೆ ಬಟ್ಟೆಯ ಗಂಟು ಹಡಗಿನಲ್ಲಿ ಬಂದು ನಿಮಗೆ ಮುಟ್ಟಲು ಮೂರು ತಿಂಗಳು ಬೇಕು, ಅಷ್ಟರಲ್ಲಿ ಹುಡುಗಿ ಬೆಳೆದಿರುತ್ತಾಳೆ. ನಾನು ಕಳಿಸಿದ್ದೆಲ್ಲ ಗಿಡ್ಡ. ಟೇಲರ್ ಮೋದಿನಸಾಬ ಪ್ರತಿ ಪರಕಾರಕ್ಕೂ ಕೆಳಗೆ ಪಟ್ಟಿ ಕೂಡಿಸುತ್ತ, “ನಿಮ್ಮ ಸೊಸಿ ಹೊಲದಿದ್ದು ಚಂದ ಐತ್ರಿ, ಖರೆ ಹ್ವಾದ ವರ್ಷದ ಕೂಸಿಗೆ ಹೊಲದಾರ” ಎಂದನಂತೆ. ನೀವು ನಗಲೆಂದು ಬರೆಸಿದಿರಿ. ನಾನೂ ನಕ್ಕೆ, ಆಮೇಲೆ ಆ ದಿನ ಊಟ ಸೇರಲಿಲ್ಲ.

ಇನ್ನು ನಿಮ್ಮ ಜುಲೈ ತಿಂಗಳ ಕಾಗದದ ಮಾತು. ಮುದ್ದೇಬಿಹಾಳದ ಬಸಂತರಾಯರ ಮನೆತನ ದೊಡ್ಡದೆಂದು ನಾನೂ ಕೇಳಿ ಬಲ್ಲೆ. “ಹುಡುಗ ಬಂಗಾರದಂಥಾವ ಅದಾನ. ದೀವಳಿಗಿ ಆದಮ್ಯಾಲ ನಿಶ್ಚಯ ಮಾಡೂಣು ಅಂತ ಮಾತ ಕೊಟ್ಟೇನಿ. ಸಾಲಿ ಕಲತು ಆಕಿ ಏನ್ ಮಾಮಲೇದಾರ ಆಗಬೇಕಾಗೈತಿ” ಎಂದು ಬರೆಸಿದ್ದೀರಿ. ಅದನ್ನು ಬರೆದ ಕೈ ರೇವಾಳದು. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ತನ್ನ ನಿಶ್ಚಯದ ಸುದ್ದಿಯನ್ನು ಹುಡುಗಿ ಬೇರೆ ಯಾರದೋ ಸುದ್ದಿಯ ಹಾಗೆ ನೀಟಾಗಿ ಬರೆದಿದ್ದಾಳೆ. ನಾನು ಆ ಕಾಗದವನ್ನು ನಾಲ್ಕು ಸಲ ಓದಿದೆ, ಆಕೆಯದೆಂದು ಒಂದು ಮಾತು ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ.

ನಿಮ್ಮ ಮಗನಿಗೆ ತೋರಿಸಿದೆ. ಅವರು ಅದೇ ವಾರ ಇನ್ನೂ ಮೂರು ವರ್ಷದ ಕೆಲಸಕ್ಕೆ ಸಹಿ ಮಾಡಿ ಬಂದಿದ್ದರು, ನನಗೆ ಹೇಳಿದ್ದು ಸಹಿ ಮಾಡಿದ ಮೇಲೆ. “ಅವ್ವ ಅದಾಳ, ನೋಡ್ಕೋತಾಳ. ನಾವು ಇಲ್ಲಿ ಕುಂತು ಏನ್ ಮಾಡಾಕ ಬರತೈತಿ” ಎಂದು ಪೇಪರು ಎತ್ತಿಕೊಂಡರು. ಆರು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದಾಗ ಮೂರೇ ವರ್ಷ ಎಂದು ಹೊರಟವರು ನಾವು. ದೂರದ ಬೆಟ್ಟ ನುಣ್ಣಗೆ. ಹೊರಡುವಾಗ ನೀವು, “ಹೆಣ್ಣಕೂಸು ಪರದೇಶದಾಗ ಬ್ಯಾಡ. ಕಿರಿಸ್ತಾನರ ಸಾಲ್ಯಾಗ ಬೆಳದ್ರ ನಾಳೆ ಯಾರ ಮಾಡ್ಕೋತಾರ” ಎಂದಿರಿ. ಒಂಬತ್ತು ವರ್ಷದ ರೇವಾ ನನ್ನ ಸೆರಗು ಹಿಡಿದು ನಿಂತಿದ್ದಳು, ನಾನು ಸೆರಗು ಬಿಡಿಸಿಕೊಂಡೆ. ತಪ್ಪು ನಿಮ್ಮದೆಂದು ಬರೆಯುತ್ತಿಲ್ಲ. ಬಿಡಿಸಿಕೊಂಡದ್ದು ನನ್ನ ಕೈ.

ಆಕೆಯ ಜ್ವರಕ್ಕೆ ನಿದ್ದೆಗೆಟ್ಟವರು ನೀವು, ದೊಡ್ಡವಳಾದಾಗ ಆರತಿ ಮಾಡಿದವರೂ ನೀವು. ಆ ಸುದ್ದಿ ನನಗೆ ಮುಟ್ಟಿದ್ದು ಇಪ್ಪತ್ತು ದಿನದ ಮೇಲೆ. ನಿಮ್ಮೆದುರು ಬಾಯಿ ತೆರೆಯಲು ನನಗೆ ಮುಖವಿಲ್ಲ, ಆದರೂ ಒಂದು ಮಾತು ಬೇಡುತ್ತೇನೆ. ಮುಂದಿನ ಮಾರ್ಚಿಗೆ ಆಕೆಯ ಹತ್ತನೆಯ ಇಯತ್ತೆಯ ಪರೀಕ್ಷೆ. ಅದಾಗುವವರೆಗೆ ನಿಶ್ಚಯ ಬೇಡ. ನಾನು ಬಸವನ ಬಾಗೇವಾಡಿಯಲ್ಲಿ ಏಳನೆಯ ಇಯತ್ತೆಗೇ ಬಿಟ್ಟವಳು. ಇಲ್ಲಿಯ ಹುಡುಗಿಯರಿಗೆ ದಿನವೂ ಓದಿರಿ ಓದಿರಿ ಎಂದು ಬಾಯಿ ನೋಯಿಸಿಕೊಂಡು, ನನ್ನ ಮಗಳಿಗೆ ಪುಸ್ತಕ ಮುಚ್ಚು ಎಂದು ಹೇಗೆ ಹೇಳಲಿ? ಬಸಂತರಾಯರು ಒಳ್ಳೆಯವರಾದರೆ ಆರು ತಿಂಗಳು ಕಾಯುತ್ತಾರೆ. ಕಾಯದಿದ್ದರೆ ಎಷ್ಟು ಒಳ್ಳೆಯವರೆಂದು ನಿಮಗೇ ತಿಳಿಯುತ್ತದೆ.

ನಿಶ್ಚಯಕ್ಕೆ ಉಡಲು ಇಲ್ಲಿಯ ರೇಶಿಮೆಯಲ್ಲಿ ಪರಕಾರ ಹೊಲಿದು ಕಳಿಸೆಂದು ದಾರ ಇಟ್ಟಿದ್ದಿರಿ. ಬಟ್ಟೆ ತಂದಿದ್ದೇನೆ, ಹಸಿರು, ಸಣ್ಣ ಜರಿ. ಕತ್ತರಿ ಹಾಕಿಲ್ಲ. ದಾರ ಹೋದ ವರ್ಷದ್ದಕ್ಕಿಂತ ಒಂದು ಗೇಣು ಗಿಡ್ಡ ಬಂದಿದೆ. ಹುಡುಗಿಯಂತೂ ಕುಗ್ಗಲಾರಳು, ಮನೆಯಲ್ಲಿ ಇಲಿ ಕಡಿದಿರಬೇಕು. ಮೋದಿನಸಾಬ ಎಷ್ಟು ಪಟ್ಟಿ ಕೂಡಿಸಿದರೂ ಇದು ಸಾಲದು.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿರಿ. ಹಿತ್ತಲ ಬಾವಿಯ ಮೆಟ್ಟಿಲು ಇಳಿಯಬೇಡಿರಿ. ಓಣಿಯ ಹಿರಿಯರಿಗೆಲ್ಲ ನನ್ನ ಶರಣು. ನಿಮ್ಮ ಮೊಮ್ಮಗ ಬಗ್ಗಿ ನಮಸ್ಕಾರ ಮಾಡಿದ್ದಾನೆ, ಇಲ್ಲಿಂದಲೇ ತಲೆ ಮೇಲೆ ಕೈ ಇಡಿರಿ.

ನಿಮ್ಮ ಸೊಸೆ,
ಗುರವ್ವ

ತಾ.ಕ.: ರೇವಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಆಯಿ “ಕೆಳಗ ಮತ್ತೇನ ಬರದಾಳ” ಎಂದರೆ, ತಮ್ಮನ ಮುಂದಿನ ಎರಡು ಹಲ್ಲು ಬಿದ್ದಾವಂತ ಎಂದು ಹೇಳು. ಅದು ಸುಳ್ಳೂ ಅಲ್ಲ. ಇಲಿಯ ಮಾತು ಆಯಿಗಾಗಿ ಬರೆದದ್ದು. ಇಲಿ ಕಡಿದರೆ ದಾರದ ತುದಿ ಬಿಚ್ಚಿಕೊಂಡಿರುತ್ತದೆ, ತಿರುಗಿ ಗಂಟು ಹಾಕಲು ಇಲಿಗೆ ಬರುವುದಿಲ್ಲ. ಡಬ್ಬಿಯ ದಾರಗಳ ಪಕ್ಕಕ್ಕೆ ಇಟ್ಟು ನೋಡಿದ ಕೂಡಲೇ ತಿಳಿಯಿತು. ಆ ಪರಕಾರ ನಿನಗೆ ಬರಬಾರದೆಂದು ನೀನೇ ಕತ್ತರಿಸಿದ್ದೀಯೆ. ಕಾಗದ ಪೂರ್ತಿ ಆಯಿಯ ಮಾತಿಗೆ ಹೋಯಿತು, ನಿನಗೆ ಉಳಿದದ್ದು ದಾರವೊಂದೇ. ನಾನು ತಪ್ಪು ತಿಳಿದಿದ್ದರೆ, ಆ ಹುಡುಗ ನಿನ್ನ ಮನಸ್ಸಿಗೆ ಬಂದಿದ್ದರೆ, ಪೂರ್ತಿ ಉದ್ದದ ದಾರ ಕಳಿಸು, ಸಂತೋಷದಿಂದ ಹೊಲಿಯುತ್ತೇನೆ. ಇಲ್ಲವಾದರೆ ಏನೂ ಕಳಿಸಬೇಡ, ಓದುತ್ತಿರು.

ಎರಡರಲ್ಲಿ ಯಾವುದಾದರೂ ನಾನು ಬರುತ್ತೇನೆ. ಕೆಲಸ ಬಿಡುವುದಾಗಿ ಶಾಲೆ ನಡೆಸುವ ಸಿಸ್ಟರಿಗೆ ನಿನ್ನೆ ಬರೆದುಕೊಟ್ಟೆ. ನಿನ್ನ ಅಪ್ಪನಿಗೆ ನಾಳೆ ಹೇಳುತ್ತೇನೆ. ಎರಡು ದಿನ ಊಟ ಬಿಡುತ್ತಾರೆ, ಮೂರನೆಯ ದಿನ ಉಣ್ಣುತ್ತಾರೆ. ಸೆಪ್ಟೆಂಬರ್ ಕೊನೆಗೆ ಮೊಂಬಾಸಾದಿಂದ ಹಡಗಿದೆ. ತಮ್ಮನನ್ನು ಕರೆದುಕೊಂಡು ಬೊಂಬಾಯಿಗೆ, ಸೊಲ್ಲಾಪುರಕ್ಕೆ, ಅಲ್ಲಿಂದ ಗಾಡಿ ಹಿಡಿದು ಇಂಡಿ ರೋಡ್ ಸ್ಟೇಶನ್ನಿಗೆ ಬರುತ್ತೇನೆ, ದೀಪಾವಳಿಗೆ ಮೊದಲೇ. ತಿರುಗಿ ಹೋಗಲು ಬರುತ್ತಿಲ್ಲ. ಬೊಂಬಾಯಿಯಿಂದ ತಾರು ಕೊಡುತ್ತೇನೆ, ಸ್ಟೇಶನ್ನಿಗೆ ನೀನೇ ಬಾ. ಹೋದ ಸಲ, ಮೂರು ವರ್ಷದ ಹಿಂದೆ, ರಜೆಗೆ ಬಂದಾಗ ನೀನು ನನ್ನ ಗುರುತು ಹಿಡಿಯದವಳ ಹಾಗೆ ಆಯಿಯ ಬೆನ್ನ ಹಿಂದೆ ನಿಂತಿದ್ದೆ. ಈ ಸಲ ಗುರುತು ಸಿಗದಿರುವುದು ನನಗೆ. ನಿನ್ನ ಉದ್ದವೊಂದೇ ನನಗೆ ಗೊತ್ತಿದ್ದದ್ದು, ಈಗ ಅದೂ ಗೊತ್ತಿಲ್ಲ. ಅದಕ್ಕೆ ನಾನು ಇಳಿದು ಅತ್ತ ಇತ್ತ ನೋಡುತ್ತ ನಿಂತರೆ ಸಿಟ್ಟಾಗಬೇಡ. ನೀನೇ ಮುಂದೆ ಬಂದು ಅವ್ವಾ ಎಂದು ಕರೆ.