ಹಿಟ್ಲರ್ ಮೇಷ್ಟ್ರು ಹೆಸರು ಬಿಡುತ್ತಾರಂತೆ, ಸಭಾಂಗಣ ಕೊಡಿ

ಹಿಂದೂಪುರದ ಸಭಾಂಗಣವೊಂದರ ಬೀಗದ ಕೈ ಇಟ್ಟುಕೊಂಡು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ಯೆಹೂದಿಗಳ ಮೇಲಿನ ದ್ವೇಷ ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ತಡೆಯಬಹುದು ಎಂಬ ಬಗ್ಗೆ ನಾಲ್ಕು ಭಾನುವಾರ ನಾಲ್ಕು ಸಾರ್ವಜನಿಕ ಉಪನ್ಯಾಸ ಮಾಡಲು ನಿಮ್ಮ ಸಭಾಂಗಣ ಕೇಳಿದ್ದೆವು. ನೀವು ಕೊಡಲಿಲ್ಲ. ಕೊಡದಿರಲು ಎರಡು ಕಾರಣ ಬರೆದು, ಸಹಿ ಮಾಡಿ, ಮೊಹರು ಒತ್ತಿದ್ದೀರಿ. ಒಂದು, ಸದರಿ ಸಮುದಾಯದವರು ಈ ಭಾಗದಲ್ಲಿ ಯಾರೂ ವಾಸವಿಲ್ಲ. ಎರಡು, ಸಭೆಯಿಂದ ಶಾಂತಿಭಂಗ ಆಗಬಹುದು. ಮಾನ್ಯರೇ, ಇಲ್ಲದವರ ಬಗ್ಗೆ ಮಾತಾಡಿದರೆ ಇರುವವರಲ್ಲಿ ಯಾರ ಶಾಂತಿ ಕೆಡುತ್ತದೆ? ನಾವು ಕೇಳಿದ ಮೊದಲ ಭಾನುವಾರವೇ ಮೊಣಕಾಲು ನೋವಿನ ಎಣ್ಣೆ ಮಾರುವವರ ‘ಆರೋಗ್ಯ ಉಪನ್ಯಾಸ’ಕ್ಕೆ ಅನುಮತಿ ಕೊಟ್ಟಿದ್ದೀರಿ. ನನ್ನ ತಕರಾರಿಲ್ಲ. ಮೊಣಕಾಲುಗಳು ಈ ಭಾಗದಲ್ಲಿ ವಾಸವಿವೆ, ಒಪ್ಪುತ್ತೇನೆ. ನಮ್ಮ ಅತ್ತೆಯವರ ಬಳಿಯೇ ಎರಡಿವೆ.

ನನ್ನ ನೆನಪು ನಿಮಗಿರಬಹುದು. ಕೈತುಂಬ ಹಸಿರು ಬಳೆ ಹಾಕಿಕೊಂಡು, ಮಾತಿಗೊಮ್ಮೆ ನಗುತ್ತಾ ಅರ್ಜಿ ಕೊಟ್ಟವಳು ನಾನೇ. ಏನು ಮಾಡಲಿ, ಮದುವೆಯಾಗಿ ಅಂದಿಗೆ ಇಪ್ಪತ್ತೊಂಬತ್ತು ದಿನ! ನೀವು ಅರ್ಜಿಯನ್ನು ಪೂರ್ತಿ ಓದದೆ ಬಳೆಯನ್ನು ನೋಡಿ ಹೇಳಿದಿರಿ: “ಹೊಸದಾಗಿ ಮದುವೆ ಆಗಿದೀರಿ ಕಣಮ್ಮ, ಆರಾಮಾಗಿ ತಿರುಗಾಡ್ಕಂಡಿರಿ. ಇವೆಲ್ಲ ನಿಮಗ್ಯಾಕೆ?” ತಿರುಗಾಡುತ್ತಲೇ ಇದ್ದೇವೆ, ನಿಮ್ಮ ಕಚೇರಿಗೇ ಮೂರು ಸಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಹೊರಗೆ ಆಡುವುದು ತೆಲುಗು, ಕನ್ನಡ ಬರೆಯಲು ಕಲಿಸಿದ್ದು ಅಮ್ಮ. ಆದರೂ ಈ ಪತ್ರವನ್ನು ಕನ್ನಡದಲ್ಲಿ ಬರೆದೆ. ನಿಮ್ಮ ಮೇಜಿನ ಮೇಲಿದ್ದ ಕನ್ನಡ ಪತ್ರಿಕೆಯಲ್ಲಿ ಪದಬಂಧ ಒಂದು ಮನೆಯೂ ಬಿಡದಂತೆ ತುಂಬಿತ್ತು. ಇಷ್ಟು ಓದುವವರು ನಮ್ಮದನ್ನೂ ಓದಲಿ ಎಂದು ಆ ಪತ್ರಿಕೆಗೇ ಕಳಿಸಿದ್ದೇನೆ.

ಈಗ ನಿಮ್ಮ ಮೊದಲ ಕಾರಣ. ಕಲ್ಯಾಣದುರ್ಗದಲ್ಲಿ ನನಗೆ ಗಣಿತ ಕಲಿಸಿದ ಷೋಷನಾ ನಾಗಾಂವ್ಕರ್ ಮಿಸ್ ಯೆಹೂದಿ. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿದ, ಮರಾಠಿ ಮಾತಾಡುವ ಯೆಹೂದಿ ಕುಟುಂಬದವರು. ಕಲ್ಯಾಣದುರ್ಗಕ್ಕೆ ಬಂದು ಇಪ್ಪತ್ತಾರು ವರ್ಷ. ರೇಷನ್ ಕಾರ್ಡ್ ಇದೆ, ವೋಟು ಹಾಕುತ್ತಾರೆ, ನಮ್ಮ ಕನ್ನಡ-ತೆಲುಗು ಕಲಸುಮೇಲೋಗರದಲ್ಲೇ ಬೈಯುತ್ತಾರೆ. ವಾಸ ಎಂದರೆ ಇನ್ನೇನು ಬೇಕು ನಿಮಗೆ? ಆದರೆ ನಿಮ್ಮೊಬ್ಬರನ್ನೇ ಬೈಯಲಾರೆ. ಬೊಟ್ಟಿಡುವುದಿಲ್ಲ, ಹೆಸರು ಬೇರೆ ಥರ, ಅಂದಮೇಲೆ ಕ್ರಿಶ್ಚಿಯನ್ನೇ ಎಂದು ನಮ್ಮ ಇಡೀ ಶಾಲೆ ತೀರ್ಮಾನಿಸಿಬಿಟ್ಟಿತ್ತು. ಪ್ರತಿ ಡಿಸೆಂಬರಿನಲ್ಲಿ ನಾವು ಮಕ್ಕಳು ಸೇರಿ ಅವರಿಗೆ ಕ್ರಿಸ್‌ಮಸ್ ಕೇಕ್ ಕೊಡುತ್ತಿದ್ದೆವು. ಅವರು ನಕ್ಕು, ಕತ್ತರಿಸಿ, ನಮಗೇ ಹಂಚುತ್ತಿದ್ದರು. “ಒಂದು ದಿನಾನಾದ್ರೂ ಹೇಳಬಾರದಿತ್ತಾ ಮಿಸ್?” ಎಂದು ಮೊನ್ನೆ ಕೇಳಿದೆ. “ಹೇಳಿದ್ರೆ ನಿಮಗೆ ಕೇಕ್ ಎಲ್ಲಿ ಸಿಗ್ತಿತ್ತಮ್ಮ?” ಎಂದರು.

ಕೇಕಿನ ತಪ್ಪಿಗೆ ನಗಬಹುದು. ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ಮಾವ ಗಿರಿಯಪ್ಪನವರು ರೊದ್ದಂ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಹುಡುಗರು ಇಟ್ಟ ಹೆಸರು ‘ಹಿಟ್ಲರ್ ಮೇಷ್ಟ್ರು’. ನಮ್ಮ ಕಡೆ ಇದು ಹೊಗಳಿಕೆ, ನಿಮಗೇ ಗೊತ್ತು. ಕಟ್ಟುನಿಟ್ಟಿನ ಕಂಡಕ್ಟರ್ ಹಿಟ್ಲರ್, ಸೀರಿಯಲ್ ಆಫ್ ಮಾಡುವ ಅಪ್ಪ ಹಿಟ್ಲರ್. ಹೀಗಾಗಿ ನಮ್ಮ ಮದುವೆಗೆ ಮಾವನವರ ಹಳೆಯ ಶಿಷ್ಯ, ಫ್ಲೆಕ್ಸ್ ಅಂಗಡಿಯ ಓಬುಳಪತಿ, ಛತ್ರದ ಬಾಗಿಲಿಗೆ ಹನ್ನೆರಡಡಿ ಫ್ಲೆಕ್ಸ್ ಕಟ್ಟಿಸಿದ. ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ನಾವಿಬ್ಬರು. ಉಳಿದದ್ದೆಲ್ಲ ಮಾವನವರು, ಟೋಪಿ, ಕೋಟು ಮತ್ತು ಮೂಗಿನ ಕೆಳಗೆ ಆ ಚೋಟುದ್ದ ಮೀಸೆಯ ಸಮೇತ. ‘ನಮ್ಮ ಹಿಟ್ಲರ್ ಸಾರ್ ಮಗನ ಮದುವೆಗೆ ಸುಸ್ವಾಗತ’ ಎಂದು ತೆಲುಗಿನಲ್ಲಿ ಬರೆದಿತ್ತು. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಸುಳ್ಳೇಕೆ, ನಾನೂ ತೆಗೆದುಕೊಂಡೆ.

ಮಿಸ್ ಬಂದವರು ಅದರ ಮುಂದೆ ನಿಂತೇ ಇದ್ದರು. ಮಾವ ಖುಷಿಯಿಂದ ಎದುರಿಗೆ ಹೋದರು.

“ಮೇಷ್ಟ್ರೇ, ಈ ಹೆಸರು ಯಾಕೆ?”

“ಡಿಸಿಪ್ಲಿನ್ ಕಣಮ್ಮ! ನಾನು ಸೀಟಿ ಊದಿದ್ರೆ ರೊದ್ದಂ ಬಸ್‌ಸ್ಟ್ಯಾಂಡೇ ನಿಂತ್ಬುಡ್ತಿತ್ತು.”

“ನಾನು ಯೆಹೂದಿ, ಮೇಷ್ಟ್ರೇ.”

ಅದಕ್ಕೂ ತಮ್ಮ ಹೆಸರಿಗೂ ಏನು ಸಂಬಂಧವೆಂದು ಮಾವನಿಗೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅತ್ತೆ ನರಸಕ್ಕನವರು ಮಾತ್ರ ತಕ್ಷಣ ಮಿಸ್ ಕೈ ಹಿಡಿದರು: “ಅದ್ಕೇನ್ ಬುಡಮ್ಮ. ನೀವು ಏನ್ ತಿನ್ನಕಿಲ್ಲ ಹೇಳಿ, ಬಡಿಸೋರ್ಗೆ ಹೇಳ್ತೀನಿ.” ಮಿಸ್ ಜೋರಾಗಿ ನಕ್ಕರು, ಹೋಳಿಗೆ ಎರಡು ತಿಂದರು. ಫೋಟೋಕ್ಕೆ ಮಾತ್ರ ನಿಲ್ಲದೆ ಹೋದರು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ನನ್ನ ಮಿಸ್ ಇಲ್ಲ. ಆ ಮೀಸೆ ನಲವತ್ತು ಕಡೆ ಇದೆ.

ಮದುವೆಯಾದ ಎರಡನೆಯ ವಾರ ತವರಿಗೆ ಹೊರಟಾಗ ಮಾವ ತಾವೂ ಬರುತ್ತೇನೆಂದರು. ಮಿಸ್ ಮನೆಗೆ ಹೋದೆವು. ಅವರು ಭಾಷಣ ಮಾಡಲಿಲ್ಲ. ಬಾಡಿಗೆಗಿದ್ದ ಹೆಂಗಸೊಬ್ಬರ ಕತೆ ಹೇಳಿದರು. ಹಿಟ್ಲರನ ಕಾಲದಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಬಂದು ಬೊಂಬಾಯಿಯಲ್ಲಿ ಮಿಸ್ ಅಜ್ಜಿಯ ಮನೆಯಲ್ಲಿದ್ದವರು. ಅಂಚೆಯವನು ಬರುವ ಹೊತ್ತಿಗೆ ದಿನವೂ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರಂತೆ. ಮನೆಯವರೆಲ್ಲ ಅಲ್ಲೇ ಉಳಿದಿದ್ದರು, ಕಾಗದ ಬರೆಯಲು ಒಬ್ಬರೂ ಉಳಿಯಲಿಲ್ಲ. ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದರು ಎಂದು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು. ಆ ಮೆಟ್ಟಿಲು ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ಪೆನುಕೊಂಡ ದಾಟಿದ ಮೇಲೆ ಮಾವ ಅಂದರು: “ನಾನು ಹುಡುಗ್ರುನ ಬಿಸ್ಲಾಗೆ ನಿಲ್ಲಿಸ್ತಿದ್ದೆ, ಅಷ್ಟೇ ಕಣಮ್ಮ. ಅವನ ಹೆಸ್ರು ನಂಗ್ಯಾಕಮ್ಮ ಅಷ್ಟು ಇಷ್ಟ ಆಗಿತ್ತು?”

ಮಾನ್ಯರೇ, ಈ ಉಪನ್ಯಾಸಗಳು ಹುಟ್ಟಿದ್ದು ಆ ಪ್ರಶ್ನೆಯಿಂದ. ಯೆಹೂದಿಗಳೇ ಇಲ್ಲದ ಊರಿಗೆ ಇದೆಲ್ಲ ಯಾಕೆ ಎನ್ನುತ್ತೀರಿ. ಪೋಲಿಯೊ ಕಾಣದ ಊರಲ್ಲೂ ಮಗುವಿನ ಬಾಯಿಗೆ ಎರಡು ಹನಿ ಹಾಕುತ್ತೀರಲ್ಲ, ಅದು ಯಾಕೆ? ಅದೂ ಅಲ್ಲದೆ, ಜನ ಬರದ ಕಡೆಗೂ ಅವರ ಮೇಲಿನ ಸುಳ್ಳು ಬಂದು ತಲುಪಿದೆ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಳೆದ ವಾರ ಒಂದು ಫಾರ್ವರ್ಡ್ ಬಂತು: ಜಗತ್ತಿನ ರೋಗವೆಲ್ಲ ಯೆಹೂದಿಗಳೇ ಹರಡುವುದು, ಜಗತ್ತಿನ ದುಡ್ಡೆಲ್ಲ ಅವರ ಕೈಯಲ್ಲೇ ಇರುವುದು. ಕಳಿಸಿದ ಓಬಣ್ಣ ಚಿಕ್ಕಪ್ಪ ಬ್ರಹ್ಮಸಮುದ್ರದಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವವರು, ಯಾರಿಗೂ ಕೆಟ್ಟದ್ದು ಬಯಸದವರು. ಅವರಿಗೆ ಉತ್ತರ ಕೊಟ್ಟದ್ದು ನಮ್ಮ ಅತ್ತೆಯ ವಾಯ್ಸ್ ಮೆಸೇಜು: “ಏನ್ಲಾ ಓಬಣ್ಣ, ನಮ್ಮ ಅನಿತನ ಮಿಸ್ಸು ಓಡಾಡೋ ಸ್ಕೂಟಿ ನೋಡಿದೀಯಾ? ಜಗತ್ತಿನ ದುಡ್ಡು ಇದ್ದೋರು ಅದ್ನ ಒದ್ದು ಒದ್ದು ಸ್ಟಾರ್ಟ್ ಮಾಡ್ತಾರೇನ್ಲಾ?” ಚಿಕ್ಕಪ್ಪ ಆ ಫಾರ್ವರ್ಡನ್ನು ಅಳಿಸಿಹಾಕಿದರು. ಆದರೆ ಹಿಂದೂಪುರದ ಎಲ್ಲ ಗ್ರೂಪಿನಲ್ಲೂ ನಮ್ಮ ಅತ್ತೆ ಇರಲು ಆಗುತ್ತದೆಯೇ? ಅದಕ್ಕೇ ಸಭಾಂಗಣ ಬೇಕು.

ಮೊದಲ ಭಾನುವಾರ ಮಿಸ್ ಮಾತಾಡುತ್ತಾರೆ. ಎರಡನೆಯ ವಾರ ನಿವೃತ್ತ ಇತಿಹಾಸ ಮೇಷ್ಟ್ರು ರೇಣುಕಾಪ್ರಸಾದ್, ಜರ್ಮನಿಯಲ್ಲಿ ನಡೆದದ್ದರ ಬಗ್ಗೆ. ಮೂರನೆಯ ವಾರ ನಮ್ಮವರು (ಈ ಪದ ಬರೆಯುವಾಗ ಇನ್ನೂ ನಗು ಬರುತ್ತದೆ, ಕ್ಷಮಿಸಿ), ಅಂದರೆ ಜಯಚಂದ್ರ. ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆಯಲ್ಲಿ ಹೊಸ ಕಾರಿನ ಮೇಲೆ ಗೀರು ಹುಡುಕುವುದು ಅವರ ಕೆಲಸ. ಒಂದು ಗೀರಿದ್ದರೂ ಗಾಡಿ ಹೊರಗೆ ಬಿಡುವುದಿಲ್ಲ. ಫಾರ್ವರ್ಡ್ ಮಾಡುವ ಮುಂಚೆ ಹಾಗೇ ನೋಡುವುದು ಹೇಗೆಂದು ಹೇಳಿಕೊಡುತ್ತಾರೆ. ನಾಲ್ಕನೆಯ ವಾರ ಪ್ರಶ್ನೆ ಕೇಳುವವರಿಗೆ. ಇನ್ನೊಂದಿದೆ: ಮೊದಲ ದಿನವೇ ಮಾವನವರು ತಮ್ಮ ಹಳೆಯ ಶಿಷ್ಯರ ಎದುರು, ಮಿಸ್ ಎದುರು, ಆ ಹೆಸರನ್ನು ಬಿಟ್ಟುಬಿಡುತ್ತಾರೆ. ಊರೆಲ್ಲ ಕರೆದ ಹೆಸರನ್ನು ಮನೆಯೊಳಗೆ ಬಿಟ್ಟರೆ ಬಿಟ್ಟಂತಲ್ಲ ಎಂಬುದು ಅವರ ಹಟ. ಮಿಸ್ ನಿವೃತ್ತರಾಗಿದ್ದಾರೆ. ಆ ಭಾನುವಾರ ಕಳೆದು ಬರುವ ಬುಧವಾರ ಬೊಂಬಾಯಿ ಪಕ್ಕದ ಠಾಣೆ ಊರಿನಲ್ಲಿರುವ ತಂಗಿಯ ಮನೆಗೆ ಶಾಶ್ವತವಾಗಿ ಹೋಗುತ್ತಾರೆ. ಮುಂದಿನ ತಿಂಗಳು ನೋಡೋಣ ಎಂದು ದಯವಿಟ್ಟು ಬರೆಯಬೇಡಿ.

ನಮ್ಮ ಬೇಡಿಕೆ ಇಷ್ಟೇ. ಎಣ್ಣೆಯವರು ಮಧ್ಯಾಹ್ನ ಒಂದಕ್ಕೆ ಜಾಗ ಬಿಡುತ್ತಾರೆ. ನಮಗೆ ನಾಲ್ಕು ಗಂಟೆಗೆ ಕೊಡಿ, ಕಸ ನಾವೇ ಗುಡಿಸುತ್ತೇವೆ. ಶಾಂತಿಭಂಗದ ಭಯವಿದ್ದರೆ ನೀವೇ ಬಂದು ಮೊದಲ ಸಾಲಿನಲ್ಲಿ ಕುಳಿತು ಕಾಯಿರಿ. ಆಮೇಲೆ ಮಿಸ್ ಜೊತೆ ನನಗೊಂದು ಫೋಟೋ ಬೇಕು, ಅದನ್ನು ನೀವೇ ತೆಗೆಯಬೇಕು.

ಓಬುಳಪತಿ ಕಟ್ಟಿಸಿದ ಫ್ಲೆಕ್ಸನ್ನು ಎಲ್ಲರಂತೆ ನಾವೂ ಸೌದೆಗೆ ಹೊದಿಸಿದ್ದೆವು. ಮೊನ್ನೆ ಮಾವ ಅದನ್ನು ಎಳೆದು ತಂದು ಅಂಗಳದಲ್ಲಿ ಮಗುಚಿ ಹಾಸಿದರು. ಹಿಂಬದಿ ಬಿಳಿ. ಅದರ ಮೇಲೆ ತಾವೇ ಕೂತು, ಡ್ರಿಲ್ ಮೈದಾನಕ್ಕೆ ಗೆರೆ ಎಳೆದಷ್ಟು ನೇರವಾಗಿ ಬರೆದಿದ್ದಾರೆ: ‘ಷೋಷನಾ ನಾಗಾಂವ್ಕರ್ ಅವರ ಉಪನ್ಯಾಸ. ಭಾನುವಾರ, ಸಂಜೆ ನಾಲ್ಕು. ಎಲ್ಲರೂ ಬನ್ನಿ. ಸ್ಥಳ:’ ಅಲ್ಲಿಗೆ ನಿಲ್ಲಿಸಿದ್ದಾರೆ. ಬಣ್ಣದ ಡಬ್ಬಿಯ ಮುಚ್ಚಳ ಇನ್ನೂ ಹಾಕಿಲ್ಲ.

ಇಂತಿ, ಆರಾಮಾಗಿ ತಿರುಗಾಡಿಕೊಂಡಿರಬೇಕಾಗಿದ್ದ,
ಕಲ್ಯಾಣದುರ್ಗದ ಮಗಳು, ಹಿಂದೂಪುರದ ಹೊಸ ಸೊಸೆ
ಅನಿತಾ ಜಯಚಂದ್ರ