ಟೋಪಿ ಹಾಕುವ ಕೆಲಸ

ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ.
ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆ. ಲ್ಯಾಬಿಗೆ ಸೇರಿ ಒಂದು ವಾರ. ಅಲ್ಲಿ ನನ್ನ ಸರದಿ ನಾಳೆ ಬೆಳಿಗ್ಗೆ.

ಅಮ್ಮಾ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ ಎಂದು ಶುರುಮಾಡಿ ಒಂದು ಹಾಳೆ ಹರಿದುಹಾಕಿದೆ. ಎರಡರಲ್ಲಿ ಯಾವುದೂ ನನಗೆ ಖಾತ್ರಿಯಿಲ್ಲ.

ರೂಮಿನಲ್ಲಿ ಕೂತರೆ ಕಾಲು ನಿಲ್ಲುತ್ತಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಒಗೆದು ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಕೆಟ್ಟಿಗೆ ತುಂಬಿಕೊಂಡು ಇಲ್ಲಿಗೆ ಬಂದೆ. ಇಲ್ಲಿ ಮೆಷಿನ್ ತಿರುಗುವ ಸದ್ದಾದರೂ ಇದೆ, ಏನೋ ಒಂದು ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಮಾವ ಇವತ್ತು ಸಂಜೆ ನಿಮ್ಮ ಕಡೆ ಹೊರಟಿದ್ದಾರೆ. ಈ ಕವರನ್ನು ಅವರ ಕೈಗೆ ಕೊಡುತ್ತೇನೆ. ನಾಳೆ ನೀನು ಶಾಲೆಯಿಂದ ಬರುವ ಹೊತ್ತಿಗೆ ಇದು ಮನೆಯಲ್ಲಿರುತ್ತದೆ. ಅಷ್ಟರಲ್ಲಿ ಇಲ್ಲಿ ಆಗಬೇಕಾದದ್ದು ಆಗಿರುತ್ತದೆ. ಹಾಗೆ ಯೋಚನೆ ಮಾಡಿಯೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ಈ ಮಾತು ತೆಗೆದರೆ ನೀನು "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೆ, ಆಮೇಲೆ ಮಾತಾಡೋಣ" ಅನ್ನುತ್ತೀಯ. ನಮ್ಮ ಮನೆಯಲ್ಲಿ ಆ ಹಾಲು ವರ್ಷಗಳಿಂದ ಕಾಯುತ್ತಲೇ ಇದೆ.

ಮೊದಲು ಲ್ಯಾಬಿನ ವಿಷಯ ಹೇಳುತ್ತೇನೆ. ಅಲ್ಲಿ ಮೆದುಳನ್ನು ಕೊಯ್ಯುತ್ತಾರಾ ಎಂದು ನೀನು ಕೇಳಿದ್ದೆ. ಯಾರೂ ಏನನ್ನೂ ಕೊಯ್ಯುವುದಿಲ್ಲ. ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಮೂರು ಕೋಣೆಗಳು. ಮೊದಲನೆಯದರಲ್ಲಿ ಕಂಪ್ಯೂಟರ್‌ಗಳು. ನಡುವಿನದರಲ್ಲಿ ಎರಡು ದೊಡ್ಡ ಸಿಂಕ್, ಶಾಂಪೂ ಬಾಟಲಿಗಳು, ಹೇರ್ ಡ್ರೈಯರ್. ಹೊಸಬರು ಯಾರಾದರೂ ನೋಡಿದರೆ ಬ್ಯೂಟಿ ಪಾರ್ಲರ್ ಅಂದುಕೊಳ್ಳಬೇಕು. ಮೂರನೆಯದು ದಪ್ಪ ಬಾಗಿಲು, ಗಾಜಿನ ಕಿಟಕಿಯ ಚಿಕ್ಕ ಕೋಣೆ, ಒಂದು ಕುರ್ಚಿ, ಒಂದು ಪರದೆ, ಮಂದ ದೀಪ. ಬರುವವರನ್ನು ಆ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಬಟ್ಟೆಯ ಟೋಪಿ ಹಾಕುತ್ತೇವೆ. ಟೋಪಿಯ ತುಂಬ ಗುಂಡಿಯಷ್ಟಗಲದ ಎಲೆಕ್ಟ್ರೋಡ್‌ಗಳು. ಒಂದೊಂದರ ಕೆಳಗೂ ಸಿರಿಂಜಿನಿಂದ ಜೆಲ್ ತುಂಬಬೇಕು. ಪರದೆಯ ಮೇಲೆ ಚುಕ್ಕಿ ಮೂಡಿದಾಗಲೆಲ್ಲ ಅವರು ಗುಂಡಿ ಒತ್ತುತ್ತಾರೆ. ಯಾವಾಗಲೋ ಒಮ್ಮೆ ಗಮನ ಜಾರಿ ಒತ್ತುವುದನ್ನು ಮರೆಯುತ್ತಾರೆ. ಆ ಜಾರಿದ ಕ್ಷಣದಲ್ಲಿ ಮೆದುಳು ಏನು ಮಾಡುತ್ತಿತ್ತು ಎಂಬುದನ್ನು ನಾವು ಹುಡುಕುತ್ತೇವೆ. ಇಷ್ಟೆಲ್ಲ ಲ್ಯಾಬುಗಳಿರುವಾಗ ಇದೇ ಯಾಕೆ ಎಂದು ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ಮೇಡಂ ಕೇಳಿದ್ದರು. ಆಸಕ್ತಿ ಎಂದೆ. ಯಾಕೆ ಎಂದು ನಿನಗೆ ಗೊತ್ತು.

ಹೊಸಬರನ್ನು ಪಳಗಿಸುವ ಕೆಲಸ ಇಲ್ಲಿ ಒಬ್ಬರದೇ. ವಯಸ್ಸು ನಿನ್ನಷ್ಟಿರಬಹುದು. ಎಲ್ಲರೂ ಅಕ್ಕ ಅನ್ನುತ್ತಾರೆ, ಮೇಡಂ ಕೂಡ. ಈ ಸಲ ಸೇರಿದವರು ಇಬ್ಬರು: ನಾನು, ಮತ್ತೆ ಇಂಜಿನಿಯರಿಂಗ್ ಓದಿ ಬಂದ ಒಬ್ಬ ಹುಡುಗ. ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ ಕೂಡಲೇ ಅಕ್ಕ ಅವನಿಗೆ ಜಿರಾಫೆ ಎಂದು ಹೆಸರಿಟ್ಟರು. "ಬೇಜಾರು ಮಾಡ್ಕೋಬೇಡಪ್ಪ, ನಂಗೆ ಹೆಸರು ನೆನಪಿರಲ್ಲ, ಎತ್ತರ ನೆನಪಿರತ್ತೆ." ನನಗೆ, "ನೀನೇನು ಹೊಸ ಸೊಸೆ ಥರ ಮೂಲೇಲಿ ನಿಂತಿದ್ದೀಯ? ಬಾ ಇಲ್ಲಿ, ಪಾತ್ರೆ ತೊಳಿ." ಪಾತ್ರೆಯೆಂದರೆ ಟೋಪಿ. ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಎಲೆಕ್ಟ್ರೋಡಿನ ಸಂದಿಯನ್ನೂ ಉಜ್ಜಬೇಕು. ಜೆಲ್ ಒಣಗಿ ಕೂತರೆ ಮುಂದಿನ ರೆಕಾರ್ಡಿಂಗ್ ಹಾಳು. ಮೊದಲ ದಿನ ನಾವಿಬ್ಬರೂ ಇನ್ನೇನೂ ಮಾಡಲಿಲ್ಲ.

ಅವತ್ತು ಅಕ್ಕ ಹೇಳಿದ್ದು: "ಜನಕ್ಕೆ ಟೋಪಿ ಹಾಕೋದೇ ನಮ್ಮ ಕಸುಬು. ಆದ್ರೆ ಜನಕ್ಕೆ ಟೋಪಿ ಹಾಕಬಾರದು. ಗೊತ್ತಾಯ್ತಾ?" ಜಿರಾಫೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಊಟ ಮುಗಿಯುವ ತನಕ ನಗುತ್ತಲೇ ಇದ್ದ. ನಾನೂ ನಕ್ಕೆ.

ಇಲ್ಲೊಂದು ಪದ್ಧತಿಯಿದೆ. ತಾನು ಟೋಪಿ ಹಾಕಿಸಿಕೊಳ್ಳದೆ ಯಾರೂ ಬೇರೆಯವರಿಗೆ ಹಾಕುವಂತಿಲ್ಲ. ಹೊಸಬರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರ ಮೆದುಳಿನ ಅಲೆಗಳನ್ನು ಹೊರಗಿನ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಾರೆ. ಅದೇ ನಮ್ಮ ಪಾಠ. ಆಮೇಲೆ ಆ ರೆಕಾರ್ಡಿಂಗ್ 'ನಾರ್ಮಲ್' ಗುಂಪಿಗೆ ಸೇರುತ್ತದೆ. ಲ್ಯಾಬ್ ಶುರುವಾದಾಗಿನಿಂದ ಇಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರೂ ಆ ಗುಂಪಿನಲ್ಲಿದ್ದಾರೆ. ಮುಂದೆ ಯಾರೋ ಕಾಯಿಲೆಯವರು ಬಂದಾಗ ಅವರ ಅಲೆಗಳನ್ನು ಈ ಗುಂಪಿನ ಪಕ್ಕದಲ್ಲಿಟ್ಟು, ಎಷ್ಟು ಬೇರೆಯಾಗಿದೆ ಎಂದು ಅಳೆಯುತ್ತಾರೆ.

ಬುಧವಾರ ಜಿರಾಫೆಯ ಸರದಿ. ಶುರುಮಾಡುವ ಮೊದಲು ಅಕ್ಕ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. "ತಲೆಗೆ ಯಾವತ್ತಾದ್ರೂ ಜೋರಾಗಿ ಪೆಟ್ಟು ಬಿದ್ದಿತ್ತಾ?"

"ದಿನಾ ಬೀಳತ್ತೆ ಅಕ್ಕಾ, ನಿಮ್ಮ ಬಾಗಿಲಿಂದ," ಎಂದ ಜಿರಾಫೆ.

"ಬಾಯಿ ನೋಡು ಇವನದು. ಮೂರ್ಛೆ, ಫಿಟ್ಸು, ಏನಾದ್ರೂ?"

ಅವನು ಇಲ್ಲವೆಂದ. ಅಕ್ಕ ನನ್ನ ಕಡೆ ತಿರುಗಿದರು. ನಾನೂ ಇಲ್ಲವೆಂದೆ.

ಅಮ್ಮಾ, ಆ ಕ್ಷಣ ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ. ಅದೇ ನನ್ನನ್ನು ಆಮೇಲೆ ಹೆಚ್ಚು ಕಾಡಿದ್ದು. ಮೂರ್ಛೆ ಎಂಬ ಮಾತು ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ. ನಮ್ಮಲ್ಲಿದ್ದದ್ದು ಮಂಕು. "ಇವತ್ತು ಮಂಕು ಬಂತಾ?" ಎಂದು ನೀನು ತಲೆ ಬಾಚುತ್ತಾ ಕೇಳುತ್ತಿದ್ದೆ, ನೆಗಡಿ ಬಂತಾ ಎಂದು ಕೇಳುವ ಹಾಗೆ. ಬಂದಿತ್ತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ನಾನು ಬೀಳುತ್ತಿರಲಿಲ್ಲ, ನಡುಗುತ್ತಿರಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು. ಟೀಚರ್ ಒಂದು ವಾಕ್ಯ ಹೇಳುತ್ತಿದ್ದರು, ಮರುಕ್ಷಣವೇ ಮಕ್ಕಳೆಲ್ಲ ಪುಟ ತಿರುಗಿಸಿರುತ್ತಿದ್ದರು. ನಡುವಿನದನ್ನು ಯಾರೋ ಕತ್ತರಿಸಿ ತೆಗೆದಂತೆ.

ಆ ಡಾಕ್ಟರು ನೆನಪಿದ್ದಾರಾ? ನನ್ನ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟು "ಊದು ಪುಟ್ಟಾ, ನಿಲ್ಲಿಸಬೇಡ" ಅಂದಿದ್ದರು. ಊದಿದ್ದು ನೆನಪಿದೆ. ಆಮೇಲೆ ಗಿರಗಿಟ್ಲೆ ನೆಲದ ಮೇಲಿತ್ತು, ನಿನ್ನ ಮುಖ ಬಿಳಿಚಿಕೊಂಡಿತ್ತು. ಬುಧವಾರ ಅಕ್ಕ ಜಿರಾಫೆಗೂ ಹಾಗೇ ಜೋರಾಗಿ ಉಸಿರಾಡಿಸಿದರು. ಉಸಿರಿಗೆ ಅಲೆಗಳು ಹೇಗೆ ನಿಧಾನವಾಗುತ್ತವೆ ಎಂದು ತೋರಿಸಲು. ಅವನ ಅಲೆಗಳು ಸ್ವಲ್ಪ ಅಗಲವಾಗಿ, ಮತ್ತೆ ಮೊದಲಿನ ಹಾಗಾದವು. ಅವನು ಹಲ್ಲು ಕಡಿದಾಗ ಗೆರೆಗಳೆಲ್ಲ ಎದ್ದು ಕುಣಿದು ಪರದೆಯೇ ಕಪ್ಪಾಯಿತು. "ಅಯ್ಯೋ, ಭೂಕಂಪ! ಏನಪ್ಪಾ, ಯಾರ ಮೇಲೆ ಕೋಪ?" ಎಂದರು ಅಕ್ಕ. ಎಲ್ಲರೂ ನಗುತ್ತಿದ್ದರು. ನಾನು ಉಸಿರಾಟದ ಆ ಭಾಗವನ್ನೇ ನೋಡುತ್ತಿದ್ದೆ. ನನ್ನ ಸರದಿಯಲ್ಲಿ ಆ ಜಾಗದಲ್ಲಿ ಏನು ಕಾಣಬಹುದು ಎಂಬುದನ್ನು ಪುಸ್ತಕದಲ್ಲಿ ಓದಿದ್ದೇನೆ. ಶಾಲೆಯ ಮಕ್ಕಳು ಬರೆಯುವ ಬೆಟ್ಟಗಳ ಹಾಗೆ, ಒಂದರ ಪಕ್ಕ ಒಂದು, ಎಲ್ಲ ಸಾಲಿನಲ್ಲೂ ಒಟ್ಟಿಗೆ. ಯಾರಿಗೂ ವಿವರಿಸಬೇಕಾಗಿಲ್ಲ.

ಅದು ಬಿಟ್ಟುಹೋಗಿದೆ ಅನ್ನುತ್ತೀಯ. ಡಾಕ್ಟರೂ ಹಾಗೇ ಹೇಳಿ ಮಾತ್ರೆ ನಿಲ್ಲಿಸಿದರು. ನಾನೂ ನಂಬಿದ್ದೆ, ಗುರುವಾರದ ತನಕ.

ಗುರುವಾರ ಅಕ್ಕ ಕೂದಲಿರುವ ಬೊಂಬೆ ತಲೆಯ ಮೇಲೆ ಜೆಲ್ ತುಂಬುವುದನ್ನು ಕಲಿಸುತ್ತಿದ್ದರು. ಸಿರಿಂಜ್ ನನ್ನ ಕೈಯಲ್ಲಿತ್ತು. ಕೂದಲನ್ನು ಸರಿಸಿ ತುದಿಯನ್ನು ಹೇಗೆ ಹಿಡಿಯಬೇಕೆಂದು ಹೇಳುತ್ತಿದ್ದರು. ಆಮೇಲೆ ಜಿರಾಫೆ ನನ್ನ ಮುಖದ ಮುಂದೆ ಕೈಯಾಡಿಸುತ್ತಿದ್ದ. "ಎಲ್ಲಿಗೆ ಹೋಗಿದ್ರಿ ಮೇಡಂ? ಟಿಕೆಟ್ ತಗೊಂಡಿದ್ರಾ?" ಜೆಲ್ ನನ್ನ ಮುಂಗೈ ಮೇಲಿಂದ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಕ್ಕ ಒರೆಸುವ ಬಟ್ಟೆಯನ್ನು ನನ್ನ ಕಡೆ ಎಸೆದು, "ಏ ಮಂಕುದಿಣ್ಣೆ, ನಿದ್ದೆ ಮಾಡಿಲ್ವೇನೇ ರಾತ್ರಿ?" ಎಂದರು.

ಪ್ರೀತಿಯ ಬೈಗುಳ. ಅವರು ಎಲ್ಲರಿಗೂ ಹೇಳುತ್ತಾರೆ, ಅವತ್ತು ಬೆಳಿಗ್ಗೆ ಪ್ರಿಂಟರಿಗೂ ಹೇಳಿದ್ದರು. ಆದರೆ ನನಗೆ ಅದರಲ್ಲಿ ಕೇಳಿಸಿದ್ದು ನಿನ್ನ ಮಂಕು. ಅಂದಿನಿಂದ ನನ್ನನ್ನು ನಾನೇ ಕಾಯುತ್ತಿದ್ದೇನೆ. ಅವತ್ತಿನದು ಬರಿಯ ಯೋಚನೆಯೋ, ಮಂಕೋ? ಊಟ ಮಾಡುವಾಗ, ಮೆಟ್ಟಿಲಿಳಿಯುವಾಗ, ಯಾರಾದರೂ ಮಾತಾಡುವಾಗ, ವಾಕ್ಯ ಪೂರ್ತಿ ಕೇಳಿಸಿತೇ ಎಂದು ಹಿಂದಕ್ಕೆ ಹೋಗಿ ನೋಡುತ್ತೇನೆ. ಹಾಗೆ ನೋಡುವುದರಲ್ಲಿ ಮುಂದಿನ ವಾಕ್ಯ ತಪ್ಪಿಹೋಗುತ್ತದೆ. ಈ ಕಾಗದದಲ್ಲೂ ಎರಡು ಕಡೆ ನಿಂತು, ಬರೆದದ್ದನ್ನು ಮೊದಲಿನಿಂದ ಓದಿಕೊಂಡೆ.

ಶುಕ್ರವಾರ ನನ್ನ ಸರದಿಯಿತ್ತು. ನಾನು ಏನು ಮಾಡಿದೆ ಗೊತ್ತಾ? ತಲೆಗೆ ಎಣ್ಣೆ ಹಚ್ಚಿಕೊಂಡು ಹೋದೆ. ಬಾಟಲಿ ಹಿಡಿದುಕೊಂಡು ಮನೆಯೆಲ್ಲ ನನ್ನ ಹಿಂದೆ ಓಡುತ್ತಿದ್ದವಳು ನೀನು. ನಾನಾಗಿ ಹಚ್ಚಿಕೊಂಡದ್ದು ಇದೇ ಮೊದಲು. ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ, ಮೊದಲ ದಿನವೇ ಹೇಳಿದ್ದರು. ಅಕ್ಕ ನನ್ನ ಬೈತಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. "ಏನೇ ಇದು? ಹೆಣ್ಣು ನೋಡೋಕೆ ಬರ್ತಿದಾರಾ?"

ಮರೆತುಹೋಯಿತು ಎಂದೆ.

"ಸರಿ, ಚೆನ್ನಾಗಿ ತೊಳ್ಕೊಂಡು ಸೋಮವಾರ ಬಾ. ಸೋಮವಾರವೂ ಮರೆತರೆ ನಾನೇ ಸಿಂಕಿಗೆ ಅದ್ದಿ ತೊಳೀತೀನಿ."

ಆಮೇಲೆ ಟೋಪಿಗಳನ್ನು ಒಣಗಿಸುವಾಗ ನನ್ನ ಪಕ್ಕಕ್ಕೆ ಬಂದು ನಿಂತರು. ಡ್ರೈಯರಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳುತ್ತಿರಲಿಲ್ಲ. "ಭಯ ಆಗತ್ತಾ? ನಾವು ಒಳಗೆ ಏನೂ ಕಳಿಸಲ್ಲ ಕಣೆ. ಅದು ಹೇಳೋದನ್ನ ಕೇಳಿಸ್ಕೋತೀವಿ, ಅಷ್ಟೇ." ಆಗ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ, "ಈ ಟೋಪಿ ಒಣಗಿದೆ ಅಕ್ಕಾ" ಎಂದೆ.

ಎರಡು ದಿನದಿಂದ ದಾರಿಗಳನ್ನು ಹುಡುಕುತ್ತಿದ್ದೇನೆ. ಜ್ವರ ಎನ್ನಬಹುದು. ಉಸಿರಾಟದ ಹೊತ್ತಿನಲ್ಲಿ ಉಸಿರು ಕದಿಯಬಹುದು. ಕೂತುಕೊಂಡು ಅಭ್ಯಾಸವನ್ನೂ ಮಾಡಿದೆ, ನಗಬೇಡ. ಅಲೆಗಳು ಚೆನ್ನಾಗಿಯೇ ಬಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ನಾನು ನಾರ್ಮಲ್ ಗುಂಪಿಗೆ ಸೇರುತ್ತೇನೆ. ನಿನಗೆ ಬೇಕಾಗಿದ್ದದ್ದೂ ಅದೇ ಅಲ್ಲವಾ? ನನ್ನನ್ನು ಯಾರೂ ಬೇರೆ ಎಂದು ನೋಡಬಾರದು. ಆದರೆ ಮುಂದೆ ಯಾವುದೋ ಮಗುವನ್ನು ಅದರ ತಾಯಿ ಕರೆದುಕೊಂಡು ಬರುತ್ತಾಳೆ. ಆ ಮಗುವಿನ ಅಲೆಗಳನ್ನು ನನ್ನ ಅಲೆಗಳ ಪಕ್ಕದಲ್ಲಿಟ್ಟು, ಇದು ಸರಿ, ಇದು ತಪ್ಪು ಎಂದು ಅಳೆಯುತ್ತಾರೆ. ಅಳತೆಗೋಲೇ ನಾನು. ಅದೂ ಹೋಗಲಿ. ಮುಂದಿನ ವಾರದಿಂದ ಗಾಜಿನ ಹೊರಗೆ ನಾನೊಬ್ಬಳೇ ಕೂತು, ಒಳಗಿರುವವರನ್ನು ನೋಡಿಕೊಳ್ಳಬೇಕು. ಅವರಿಗೆ ಏನಾದರೂ ಆದ ಹೊತ್ತಿಗೇ ನಾನು ಇಲ್ಲದಿದ್ದರೆ?

ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ. ನಾರ್ಮಲ್ ಗುಂಪಿಗೆ ಸೇರಿಸುವುದಿಲ್ಲ, ಅದು ಖಂಡಿತ. ಟೋಪಿ ಹಾಕುವ ಕೆಲಸ ಕೊಡದೆ, ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಬಹುದು. ಬುಧವಾರ ಇಲ್ಲವೆಂದದ್ದಕ್ಕೆ ಮೇಡಂ ನನ್ನನ್ನು ಕಳಿಸಿಯೇಬಿಡಬಹುದು. ಈ ಸೀಟಿಗೆ ನಾನು ಎಷ್ಟು ಅಲೆದೆ ಎಂದು ನೀನು ನೋಡಿದ್ದೀಯ. ಸಿಕ್ಕಿದ ದಿನ ಶಾಲೆಯಲ್ಲೆಲ್ಲ ಸಿಹಿ ಹಂಚಿದವಳು ನೀನು. ನಾಳೆ ಸಂಜೆ ನಾನು ಫೋನ್ ಮಾಡಿ, ವಾಪಸ್ ಬರುತ್ತಿದ್ದೇನೆ ಎಂದರೆ ಬೈಯಬೇಡ. ಬೈದರೂ ಸರಿ, ಹಾಲಿಟ್ಟಿದ್ದೇನೆ ಎನ್ನಬೇಡ.

ಮೆಷಿನ್ ನಿಂತಿತು. ಯಾರೋ ಬಂದು, ಇದು ನಿಮ್ಮ ಬಟ್ಟೆಯಾ ಎಂದು ಕೇಳಿದರು, ಹೌದೆಂದೆ. ಬಟ್ಟೆ ತೆಗೆದಿಟ್ಟು ಬಂದು ಬರೆಯುತ್ತಿದ್ದೇನೆ. ಇನ್ನು ಹೆಚ್ಚಿಲ್ಲ.

ನಾಳೆ ಬೆಳಿಗ್ಗೆ ಎಲ್ಲರೂ ಬರುವ ಮೊದಲು ಹೋಗುತ್ತೇನೆ. ಅಕ್ಕ ಬೇಗ ಬರುತ್ತಾರೆ. ಅವರು ಟೋಪಿಗೆಂದು ತಲೆ ಅಳೆಯುವ ಟೇಪು ತೆಗೆಯುವ ಮುಂಚೆಯೇ ಹೇಳುತ್ತೇನೆ. ಮಂಕು ಎಂದಲ್ಲ. ಚಿಕ್ಕವಳಿದ್ದಾಗ ನನಗೆ ಮೂರ್ಛೆ ರೋಗವಿತ್ತು, ಈಗ ಇದೆಯೋ ಇಲ್ಲವೋ ತಿಳಿಯದು, ಬುಧವಾರ ಇಲ್ಲವೆಂದದ್ದು ಸುಳ್ಳು ಎಂದು. ಆಮೇಲೂ ಕೂರಿಸುವುದಾದರೆ ಕೂರುತ್ತೇನೆ, ಪೂರ್ತಿ ಉಸಿರಾಡುತ್ತೇನೆ. ಪರದೆಯಲ್ಲಿ ಏನೇ ಬಂದರೂ ತಿರುಗಿ ನೋಡುತ್ತೇನೆ.

ನಿನ್ನ ಮೇಲೆ ಕೋಪವಿಲ್ಲ. ನೀನು ಹೆದರಿದ್ದೆ ಎಂದು ಗೊತ್ತು.

ನಿನ್ನ ಮಗಳು

ಮತ್ತೆ: ಕವರ್ ಅಂಟಿಸಿದ್ದೆ, ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ. ಹೋದ ಭಾನುವಾರ ನೀನು ಫೋನಿನಲ್ಲಿ "ಏಳನೇ ಕ್ಲಾಸಿನವರು ಈ ಸಲ" ಎಂದು ನಿಂತುಬಿಟ್ಟೆ. ಲೈನ್ ಕಟ್ಟಾಗಿರಲಿಲ್ಲ, ಹಿಂದೆ ಫ್ಯಾನಿನ ಸದ್ದು ಕೇಳುತ್ತಿತ್ತು. ನಾನು ಅಮ್ಮಾ, ಅಮ್ಮಾ ಎಂದೆ. ಆಮೇಲೆ "ಈ ಸಲ ತುಂಬಾ ಚುರುಕು" ಎಂದು ನೀನು ಮುಂದುವರಿಸಿದೆ, ನಾನು ಕರೆದದ್ದೇ ಕೇಳಿಸದವಳಂತೆ. ಇದು ಮೊದಲನೆಯ ಸಲವಲ್ಲ. ಅದು ನಿನಗೆ ಗೊತ್ತಿದೆ, ಅದಕ್ಕೇ ನನಗಿಂತ ಹೆಚ್ಚು ಹೆದರಿದ್ದೆ ಎಂದು ನನಗೀಗ ಅನ್ನಿಸುತ್ತಿದೆ. ನಾನು ಡಾಕ್ಟರಲ್ಲ, ತಪ್ಪಿರಬಹುದು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಎಂದು ನಾಳೆ ಅಕ್ಕ ಕೇಳಿಯೇ ಕೇಳುತ್ತಾರೆ. ನಿನ್ನ ವಿಷಯ ನಾನಾಗಿ ಹೇಳುವುದಿಲ್ಲ, ಅಮ್ಮನನ್ನು ಕೇಳಿ ಹೇಳುತ್ತೇನೆ ಎನ್ನುತ್ತೇನೆ. ಶನಿವಾರ ಬರುತ್ತೇನೆ, ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ನೀನು ದಿನಾ ಶಾಲೆಗೆ ಓಡಿಸುವ ಸ್ಕೂಟರಿನ ಕೀಲಿ ಇಸಿದುಕೊಳ್ಳಿ ಎಂದು ಮಾವನಿಗೆ ಹೇಳಲಿದ್ದೇನೆ. ಯಾಕೆಂದು ಅವರಿಗೆ ಹೇಳುವುದಿಲ್ಲ. ಕೊಟ್ಟುಬಿಡು.